ಕೋಡಿ ಇಲ್ಲದ ಕೆರೆ

ಹಣಕಾಸಿನ ಬಗ್ಗೆ ಬರೆಯುವ ನಾವೆಲ್ಲ ಹೆಚ್ಚಾಗಿ ಕೊರತೆಯ ಮಾತೇ ಆಡುತ್ತೇವೆ. ಉಳಿತಾಯ ಸಾಲದು, ಇನ್ಶೂರೆನ್ಸ್ ಸಾಲದು, ನಿವೃತ್ತಿಗೆ ದುಡ್ಡು ಸಾಲದು. ಟೆಕ್ಸಾಸ್‌ನಲ್ಲಿ ಇಷ್ಟು ವರ್ಷ ಇದ್ದು ನೋಡಿದ ಮೇಲೆ ನನಗನ್ನಿಸುವುದೇ ಬೇರೆ. ಇಲ್ಲಿನ ನಮ್ಮ ಕನ್ನಡ ಕುಟುಂಬಗಳಿಗೆ ದೊಡ್ಡ ಪೆಟ್ಟು ಬೀಳುವುದಿದ್ದರೆ ಅದು ಯಾವುದೋ ಒಂದು ಹೆಚ್ಚಾದದ್ದರಿಂದಲೇ ಬೀಳುತ್ತದೆ: ಒಂದೇ ಕಂಪನಿಯ ಷೇರು, ಒಂದೇ ಊರಿನ ಆಸ್ತಿ, ಒಂದೇ ಉದ್ಯಮವನ್ನು ನಂಬಿದ ಸಂಬಳ. ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ಎಲ್ಲರಿಗೂ ಗೊತ್ತು. ಎಷ್ಟಾದರೆ ಅತಿ ಎಂಬುದನ್ನು ಗಾದೆ ಹೇಳುವುದಿಲ್ಲ, ಕಷ್ಟ ಇರುವುದು ಅಲ್ಲೇ.

ಅದನ್ನು ಹೇಳುವ ಒಂದು ವಸ್ತು ನಮ್ಮ ಊರುಗಳಲ್ಲಿದೆ. ಹಳೆಯ ಮೈಸೂರು ಕಡೆಯ ಯಾವ ಕೆರೆ ನೋಡಿದರೂ ಮೂರು ಭಾಗ ಕಾಣುತ್ತವೆ: ಏರಿ, ತೂಬು, ಕೋಡಿ. ತೂಬಿನಿಂದ ಗದ್ದೆಗೆ ಬೇಕಾದಾಗ ಬೇಕಾದಷ್ಟು ನೀರು ಬಿಡುತ್ತಾರೆ. ಕೋಡಿ ಎಂದರೆ ಏರಿಗಿಂತ ತಗ್ಗಾಗಿ ಕಲ್ಲು ಕಟ್ಟಿ ಬಿಟ್ಟ ಜಾಗ. ನೀರು ಆ ಮಟ್ಟ ಮುಟ್ಟಿತೋ, ತಾನಾಗಿಯೇ ಹೊರಗೆ ಹರಿಯುತ್ತದೆ. ನಡುರಾತ್ರಿ ಮಳೆಯಲ್ಲಿ ಯಾರೂ ಹೋಗಿ ಬಾಗಿಲು ತೆಗೆಯಬೇಕಾಗಿಲ್ಲ. ಕೋಡಿ ಇಲ್ಲದಿದ್ದರೆ ಅಥವಾ ಯಾರೋ ಅದನ್ನು ಮುಚ್ಚಿದ್ದರೆ ನೀರು ಏರಿಯ ಮೇಲೆ ಹತ್ತುತ್ತದೆ, ಮಣ್ಣು ಕೊರೆಯುತ್ತದೆ, ಕೆರೆ ಒಡೆಯುತ್ತದೆ. ಅಂದರೆ ಎಷ್ಟು ನೀರು ಅತಿ ಎಂಬುದನ್ನು ಮಳೆ ನಿರ್ಧರಿಸುವುದಿಲ್ಲ, ಕೋಡಿ ನಿರ್ಧರಿಸುತ್ತದೆ. ಜೊತೆಗೆ, ಕೋಡಿಯಿಂದ ಹೋದ ನೀರು ಹಾಳಾಗುವುದಿಲ್ಲ. ಸರಪಳಿಯಲ್ಲಿ ಕೆಳಗಿರುವ ಇನ್ನೊಂದು ಕೆರೆಗೆ ಸೇರುತ್ತದೆ.

ಇದನ್ನು ಹ್ಯೂಸ್ಟನ್ ಕಲಿತದ್ದು 2017ರ ಆಗಸ್ಟ್‌ನಲ್ಲಿ. ನಗರದ ಪಶ್ಚಿಮಕ್ಕೆ ಆಡಿಕ್ಸ್ ಮತ್ತು ಬಾರ್ಕರ್ ಎಂಬ ಎರಡು ಮಣ್ಣಿನ ಅಣೆಕಟ್ಟುಗಳಿವೆ. 1935ರ ಪ್ರವಾಹದ ನಂತರ, 1940ರ ದಶಕದಲ್ಲಿ ಸೇನೆಯ ಎಂಜಿನಿಯರುಗಳು ಕಟ್ಟಿದವು. ವರ್ಷದ ಬಹುಪಾಲು ಒಣಗಿಯೇ ಇರುತ್ತವೆ, ಒಳಗೆ ಪಾರ್ಕುಗಳಿವೆ. ಪೂರ್ತಿ ತುಂಬಿದರೆ ನೀರು ಎಲ್ಲಿಯವರೆಗೆ ನಿಲ್ಲುತ್ತದೋ ಅಷ್ಟೂ ಜಮೀನನ್ನು ಸರ್ಕಾರ ಕೊಂಡುಕೊಳ್ಳಲಿಲ್ಲ. ಉಳಿದ ಖಾಸಗಿ ಜಮೀನಿನಲ್ಲಿ ದಶಕಗಳ ನಂತರ ಚೆಂದದ ಬಡಾವಣೆಗಳು ಎದ್ದವು. ನಮ್ಮ ಮಾತಿನಲ್ಲಿ ಹೇಳುವುದಾದರೆ ಕೆರೆಯಂಗಳದಲ್ಲೇ ಲೇಔಟ್. ಬೆಂಗಳೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಾರ್ವಿ ಚಂಡಮಾರುತ ಬಂದಾಗ ಪೂರ್ವದ ನೆಡರ್ಲೆಂಡ್ ಎಂಬ ಊರಿನಲ್ಲಿ 60.58 ಅಂಗುಲ ಮಳೆ ದಾಖಲಾಯಿತು. ಬೆಂಗಳೂರಿಗೆ ಸುಮಾರು ಒಂದೂವರೆ ವರ್ಷದಲ್ಲಿ ಬೀಳುವಷ್ಟು. ಎರಡು ಅಣೆಕಟ್ಟುಗಳ ಹಿಂದೆ ನೀರು ಏರುತ್ತಾ ಮನೆಗಳೊಳಗೆ ನುಗ್ಗಿತು. ಆಗಸ್ಟ್ 28ರ ನಸುಕಿನಲ್ಲಿ ಗೇಟು ತೆಗೆದು ನೀರು ಬಿಡಲು ಶುರು ಮಾಡಿದಾಗ ಕೆಳಗೆ ಬಫೆಲೊ ಬಾಯು ತೊರೆಯ ಎರಡೂ ದಡದ ಮನೆಗಳು ಮುಳುಗಿದವು. ಹಿಂದಿನವರದು 2019ರ ಡಿಸೆಂಬರ್‌ನಲ್ಲಿ ಕೋರ್ಟಿನಲ್ಲಿ ಗೆದ್ದಿತು: ಅವರ ಆಸ್ತಿಯನ್ನು ಸರ್ಕಾರ ನೀರು ನಿಲ್ಲಿಸಲು ಬಳಸಿಕೊಂಡಂತಾಗಿದೆ ಎಂದು ತೀರ್ಪು ಬಂತು. ಆದರೆ ಆ ರಾತ್ರಿ ಬಹಳ ಮನೆಗಳಿಗೆ ಪ್ರವಾಹದ ವಿಮೆಯೇ ಇರಲಿಲ್ಲ. ನಕ್ಷೆಯಲ್ಲಿ ಅಪಾಯದ ವಲಯ ಅಲ್ಲ, ಹಾಗಾಗಿ ಸಾಲ ಕೊಟ್ಟ ಬ್ಯಾಂಕು ಕೇಳಲಿಲ್ಲ. ಮಾಮೂಲಿ ಮನೆ ವಿಮೆ ಪ್ರವಾಹಕ್ಕೆ ಅನ್ವಯಿಸುವುದಿಲ್ಲ. ಸರ್ಕಾರದ ಪ್ರವಾಹ ವಿಮೆ ಸಾಮಾನ್ಯವಾಗಿ ಕೊಂಡ 30 ದಿನಗಳ ನಂತರವೇ ಜಾರಿಗೆ ಬರುತ್ತದೆ. ಚಂಡಮಾರುತದ ಸುದ್ದಿ ಟೀವಿಯಲ್ಲಿ ಬಂದ ಮೇಲೆ ಕೊಳ್ಳುವ ಹಾಗಿಲ್ಲ.

ನೀರಿನ ಅತಿ ಹೀಗೆ ಒಂದೇ ರಾತ್ರಿಯಲ್ಲಿ ಕಾಣಿಸಬೇಕೆಂದೇನೂ ಇಲ್ಲ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಅದು ದಶಕಗಳ ಕಾಲ ನೆಲದಡಿಯಲ್ಲಿ ನಡೆಯಿತು. 1950ರ ದಶಕದಲ್ಲಿ ನಾಲೆಗೆ ನೀರು ಬಂದಾಗ ಯೋಜನೆಯಲ್ಲಿದ್ದದ್ದು ಬಹುಪಾಲು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳು. ನಾಲೆಯ ಮೇಲ್ಭಾಗದ ಗಂಗಾವತಿ, ಸಿಂಧನೂರು ಕಡೆ ರೈತರು ಭತ್ತ ಹಿಡಿದರು. ಅವರ ಲೆಕ್ಕ ತಪ್ಪೇನಲ್ಲ, ಭತ್ತದಲ್ಲಿ ಕಾಸಿತ್ತು. ಆದರೆ ಕಪ್ಪು ಎರೆ ಮಣ್ಣಿನಲ್ಲಿ ಹೆಚ್ಚಾದ ನೀರು ಬಸಿದು ಹೋಗುವುದು ಬಹಳ ನಿಧಾನ. ನೀರು ಮೇಲಕ್ಕೆ ಬಂದು, ಆವಿಯಾಗಿ, ಉಪ್ಪನ್ನು ಬಿಟ್ಟು ಹೋಯಿತು. ನೆಲ ಸವಳಾಯಿತು, ಜವಳಾಯಿತು. ಅದೇ ನಾಲೆಯ ಕೊನೆಯಲ್ಲಿ, ಮಾನ್ವಿ, ರಾಯಚೂರು ಕಡೆ, ನೀರಿಲ್ಲ ಎಂದು ರೈತರು ರಸ್ತೆಗಿಳಿಯುತ್ತಾರೆ. ಒಂದೇ ನಾಲೆ, ಒಂದು ತುದಿಯಲ್ಲಿ ಅತಿ, ಇನ್ನೊಂದು ತುದಿಯಲ್ಲಿ ಬರ. ಕೆಟ್ಟ ನೆಲಕ್ಕೆ ಮದ್ದು ಎಂದರೆ ಮಣ್ಣಿನಡಿ ಬಸಿಗಾಲುವೆ ಕೊಳವೆ ಹಾಕುವುದು. ತಡವಾಗಿ, ದುಬಾರಿಯಾಗಿ ಕಟ್ಟಿದ ಕೋಡಿ.

ಮೈಯ ಕಥೆಯೂ ಇದೇ. ಇಲ್ಲಿ ಏಷ್ಯಾ ಮೂಲದವರಿಗೆ ಮಧುಮೇಹದ ಪರೀಕ್ಷೆ ಬಿಎಂಐ 23ರಿಂದಲೇ ಮಾಡಿ ಎಂದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2015ರಿಂದ ಹೇಳುತ್ತಿದೆ. ಉಳಿದವರಿಗೆ 25. ಕಾರಣಕ್ಕೆ ಸಂಶೋಧಕರು ಕೊಡುವ ಒಂದು ವಿವರಣೆ ಹೀಗಿದೆ: ಚರ್ಮದ ಕೆಳಗೆ ಕೊಬ್ಬನ್ನು ಸುರಕ್ಷಿತವಾಗಿ ಇಟ್ಟುಕೊಳ್ಳುವ ಜಾಗ ದಕ್ಷಿಣ ಏಷ್ಯಾದವರಲ್ಲಿ ಕಡಿಮೆ, ಆದ್ದರಿಂದ ಹೆಚ್ಚಾದದ್ದು ಬೇಗನೆ ಯಕೃತ್ತಿಗೆ, ಹೊಟ್ಟೆಯ ಅಂಗಾಂಗಗಳ ಸುತ್ತಕ್ಕೆ ಹೋಗುತ್ತದೆ. ನಮ್ಮ ಕೆರೆ ಚಿಕ್ಕದು. ಆಫೀಸಿನ ಗೆಳೆಯ ತಿನ್ನುವಷ್ಟೇ ತಿಂದರೂ ನಮ್ಮದು ಮೊದಲು ತುಂಬುತ್ತದೆ. ಹೂಡಿಕೆಗೂ ಇದು ನೆನಪಿರಲಿ: ಇನ್ನೊಬ್ಬನಿಗೆ ತಡೆಯುವ ಮಟ್ಟ ನಿಮಗೆ ತಡೆಯಬೇಕೆಂದಿಲ್ಲ.

ಇನ್ನು ಮಾರುಕಟ್ಟೆ. ಜಾಗ ಮುಗಿದ ಮೇಲೆ ಬೆಲೆ ಏನಾಗುತ್ತದೆ ಎಂಬುದಕ್ಕೆ 2020ರ ಏಪ್ರಿಲ್ 20ಕ್ಕಿಂತ ಒಳ್ಳೆಯ ಪಾಠ ಇಲ್ಲ. ಲಾಕ್‌ಡೌನ್‌ನಿಂದ ಪೆಟ್ರೋಲ್ ಬೇಡಿಕೆ ಕುಸಿದಿತ್ತು. ಅಮೆರಿಕದ ಕಚ್ಚಾ ತೈಲದ ಮೇ ತಿಂಗಳ ಒಪ್ಪಂದ ಮರುದಿನ ಮುಗಿಯುವುದಿತ್ತು. ಅದನ್ನು ಕೈಯಲ್ಲಿಟ್ಟುಕೊಂಡವರು ಒಕ್ಲಹೋಮಾದ ಕುಶಿಂಗ್‌ನಲ್ಲಿ ನಿಜವಾದ ತೈಲವನ್ನೇ ತೆಗೆದುಕೊಳ್ಳಬೇಕು, ಅಲ್ಲಿ ಬಾಡಿಗೆಗೆ ಟ್ಯಾಂಕು ಸಿಗುತ್ತಿರಲಿಲ್ಲ. ಬೆಲೆ ಬ್ಯಾರೆಲ್‌ಗೆ ಮೈನಸ್ 37.63 ಡಾಲರ್‌ಗೆ ಮುಗಿಯಿತು. ತೈಲದ ಜೊತೆಗೆ ದುಡ್ಡನ್ನೂ ಕೊಡುತ್ತೇವೆ, ದಯವಿಟ್ಟು ತೆಗೆದುಕೊಂಡು ಹೋಗಿ ಎಂದಂತೆ. ಆ ಲೆಕ್ಕದಲ್ಲೇ ಭಾರತದ ಎಂಸಿಎಕ್ಸ್‌ನಲ್ಲಿ ಒಪ್ಪಂದ ಬ್ಯಾರೆಲ್‌ಗೆ ಮೈನಸ್ 2,884 ರೂಪಾಯಿಗೆ ಇತ್ಯರ್ಥವಾಯಿತು. ಬೆಲೆ ಸೊನ್ನೆಗಿಂತ ಕೆಳಗೆ ಹೋಗದು ಎಂದು ನಂಬಿದ್ದವರು ಹಾಕಿದ್ದಕ್ಕಿಂತ ಹೆಚ್ಚು ಕಳೆದುಕೊಂಡರು. ಪಶ್ಚಿಮ ಟೆಕ್ಸಾಸ್‌ನ ವಾಹಾ ಕೇಂದ್ರದಲ್ಲಿ ನೈಸರ್ಗಿಕ ಅನಿಲದ ಬೆಲೆ 2024ರಲ್ಲೂ ಎಷ್ಟೋ ದಿನ ಸೊನ್ನೆಗಿಂತ ಕೆಳಗಿತ್ತು. ಅನಿಲ ಕೆಟ್ಟದ್ದಾಗಿರಲಿಲ್ಲ, ಸಾಗಿಸಲು ಪೈಪ್ ಸಾಲುತ್ತಿರಲಿಲ್ಲ.

ಈ ಅತಿ ಹುಟ್ಟುವುದಾದರೂ ಹೇಗೆ? ಬಹಳ ಸಲ ಒಳ್ಳೆಯ ಬೆಲೆಯಿಂದಲೇ. 2000ದಲ್ಲಿ ಮಡಗಾಸ್ಕರ್‌ಗೆ ಹುಡಾ ಚಂಡಮಾರುತ ಬಡಿದು ವೆನಿಲ್ಲಾ ತೋಟಗಳು ನಾಶವಾದವು. ಕೆಲವೇ ವರ್ಷಗಳಲ್ಲಿ ಮಲೆನಾಡಿನಲ್ಲಿ ಹಸಿ ಬೀನ್ಸ್‌ನ ಬೆಲೆ ಕೆಜಿಗೆ ಸಾವಿರಾರು ರೂಪಾಯಿ ಆಯಿತು. ಅಡಿಕೆ ತೋಟದೊಳಗೆಲ್ಲ ಬಳ್ಳಿ ಹಬ್ಬಿತು, ಕಳ್ಳರ ಭಯಕ್ಕೆ ರಾತ್ರಿ ಕಾವಲು ಕೂತರು. ಬಳ್ಳಿ ಹೂ ಬಿಡಲು ಸುಮಾರು ಮೂರು ವರ್ಷ ಬೇಕು. ಎಲ್ಲರ ಬಳ್ಳಿಯೂ ಫಸಲಿಗೆ ಬರುವ ಹೊತ್ತಿಗೆ ಮಡಗಾಸ್ಕರ್ ಚೇತರಿಸಿಕೊಂಡಿತ್ತು, ಬೆಲೆ ನೆಲ ಕಚ್ಚಿತ್ತು.

ಆಸ್ಟಿನ್‌ನಲ್ಲಿ ವೆನಿಲ್ಲಾ ಬದಲು ಅಪಾರ್ಟ್‌ಮೆಂಟ್ ಎಂದುಕೊಳ್ಳಿ. 2021ರಲ್ಲಿ ಬಾಡಿಗೆ ಗಗನಕ್ಕೇರಿದಾಗ ಕಟ್ಟಲು ಹೊರಟ ಕಟ್ಟಡಗಳು ಮುಗಿದದ್ದು 2023, 2024ರಲ್ಲಿ, ಎಲ್ಲವೂ ಒಟ್ಟಿಗೆ. ಬಾಡಿಗೆ ಇಳಿಯಿತು. 2022ರ ಮಧ್ಯದಲ್ಲಿ ಸುಮಾರು ಐದೂವರೆ ಲಕ್ಷ ಡಾಲರ್ ಮುಟ್ಟಿದ್ದ ಮನೆಗಳ ಮಧ್ಯಮ ಬೆಲೆಯೂ ಇಳಿಯಿತು. ಬಾಡಿಗೆಗಿದ್ದವರಿಗೆ ಹಬ್ಬ, ರೌಂಡ್ ರಾಕ್‌ನಲ್ಲಿ ಎರಡನೇ ಮನೆ ಕೊಂಡು ಬಾಡಿಗೆಯಿಂದ ಕಂತು ಕಟ್ಟೋಣ ಎಂದಿದ್ದವರಿಗೆ ತಲೆನೋವು. ಡಾಲಸ್‌ನವರು ನಗಬೇಕಾಗಿಲ್ಲ. 1980ರ ದಶಕದಲ್ಲಿ ನಗರದ ಪೂರ್ವಕ್ಕೆ ಐ-30 ಹೆದ್ದಾರಿಯುದ್ದಕ್ಕೂ ಕೊಳ್ಳುವವರೇ ಇಲ್ಲದ ಕಾಂಡೋಗಳನ್ನು ಕಟ್ಟಿದ್ದರು. ಅವಕ್ಕೆ ಸಾಲ ಸುರಿದ ಮೆಸ್ಕೀಟ್‌ನ ಎಂಪೈರ್ ಸೇವಿಂಗ್ಸ್ 1984ರಲ್ಲಿ ಮುಚ್ಚಿತು, ಎಷ್ಟೋ ಕಾಂಡೋಗಳನ್ನು ಕೊನೆಗೆ ಬುಲ್ಡೋಜರ್‌ನಿಂದ ಕೆಡವಬೇಕಾಯಿತು.

ಈಗ ನಮ್ಮ ಸ್ವಂತ ಕೆರೆಗೆ ಬರೋಣ. ಫ್ರಿಸ್ಕೋ, ಕೇಟಿ, ಸೀಡರ್ ಪಾರ್ಕ್ ಎಲ್ಲೇ ಆಗಲಿ, ನನ್ನ ಬಳಿ ಲೆಕ್ಕ ತೋರಿಸುವ ಕನ್ನಡಿಗರಲ್ಲಿ ಒಂದು ಚಿತ್ರ ಮತ್ತೆ ಮತ್ತೆ ಕಾಣುತ್ತದೆ. ಸಂಬಳ ಒಂದು ಕಂಪನಿಯಿಂದ, ಆರ್‌ಎಸ್‌ಯು ಅದೇ ಕಂಪನಿಯದು, ರಿಯಾಯಿತಿಯಲ್ಲಿ ಕೊಂಡ ಇಎಸ್‌ಪಿಪಿ ಷೇರೂ ಅದರದ್ದೇ, ಮನೆ ಆ ಉದ್ಯಮವನ್ನೇ ನಂಬಿದ ಊರಿನಲ್ಲಿ, ಎಚ್-1ಬಿ ವೀಸಾ ಕೂಡ ಅದೇ ಕಂಪನಿಯ ಹೆಸರಿನಲ್ಲಿ. ಕೆಲಸ ಹೋದರೆ ದೇಶದಲ್ಲಿ ಉಳಿಯಲು ಸಿಗುವ ಬಿಡುವು ಗರಿಷ್ಠ 60 ದಿನ. ಐದು ಹಳ್ಳಗಳ ನೀರು ಒಂದೇ ಕೆರೆಗೆ ಬರುತ್ತಿದೆ, ಕೋಡಿ ಮಾತ್ರ ಇಲ್ಲ.

ಹ್ಯೂಸ್ಟನ್‌ನ ಎನ್ರಾನ್ ಉದ್ಯೋಗಿಗಳ ಸ್ಥಿತಿ ಹೀಗೇ ಇತ್ತು. 2000ದ ಆಗಸ್ಟ್‌ನಲ್ಲಿ ಸುಮಾರು 90 ಡಾಲರ್ ಇದ್ದ ಷೇರು, 2001ರ ಡಿಸೆಂಬರ್ 2ರಂದು ಕಂಪನಿ ದಿವಾಳಿ ಅರ್ಜಿ ಹಾಕುವ ಹೊತ್ತಿಗೆ ಒಂದು ಡಾಲರ್‌ಗಿಂತ ಕೆಳಗಿತ್ತು. 401ಕೆ ಯೋಜನೆಯ ಸುಮಾರು 60 ಶೇಕಡಾ ಹಣ ಆ ಷೇರಿನಲ್ಲೇ ಇತ್ತು. ಕಂಪನಿ ತನ್ನ ಪಾಲಾಗಿ ಕೊಟ್ಟ ಷೇರುಗಳನ್ನು 50 ವಯಸ್ಸಾಗುವವರೆಗೆ ಮಾರುವಂತಿರಲಿಲ್ಲ. ಅದು ಸಾಲದು ಎಂಬಂತೆ, ಕುಸಿತದ ನಡುವೆಯೇ ಯೋಜನೆಯ ನಿರ್ವಾಹಕರನ್ನು ಬದಲಿಸಲೆಂದು ಕೆಲವು ದಿನ ವ್ಯವಹಾರ ಪೂರ್ತಿ ನಿಲ್ಲಿಸಿದರು. ಇದ್ದ ಕೋಡಿಯನ್ನೂ ಮುಚ್ಚಿದ ಹಾಗೆ. 2006ರ ಕಾನೂನಿನ ನಂತರ ನೀವು ಹಾಕಿದ ಹಣವನ್ನು ಕಂಪನಿ ಷೇರಿನಿಂದ ಯಾವಾಗ ಬೇಕಾದರೂ, ಕಂಪನಿ ಕೊಟ್ಟದ್ದನ್ನು ಮೂರು ವರ್ಷ ಸೇವೆಯ ನಂತರ, ಹೊರತೆಗೆಯುವ ಹಕ್ಕಿದೆ. ಆರ್‌ಎಸ್‌ಯುಗೆ ಮಾತ್ರ ಕೋಡಿಯನ್ನು ನೀವೇ ಕಟ್ಟಬೇಕು.

ನಾನು ಹೇಳುವ ಮಟ್ಟ ಹತ್ತು ಶೇಕಡಾ. ಒಟ್ಟು ಹೂಡಿಕೆಯಲ್ಲಿ ಕೆಲಸ ಕೊಟ್ಟ ಕಂಪನಿಯ ಷೇರು ಅದನ್ನು ದಾಟಿದರೆ ಮಿಕ್ಕದ್ದು ಮಾರಾಟ. ಹದಿನೈದು ಎನ್ನುವವರಿದ್ದಾರೆ, ಜಗಳವಿಲ್ಲ, ಒಂದು ಮಟ್ಟ ಇರಲಿ ಅಷ್ಟೇ. ಆರ್‌ಎಸ್‌ಯು ವೆಸ್ಟ್ ಆದ ದಿನ ಅದರ ಪೂರ್ತಿ ಬೆಲೆ ಸಂಬಳದಂತೆ ತೆರಿಗೆಗೆ ಸೇರುತ್ತದೆ. ಅಂದೇ ಮಾರಿದರೆ ಬಂಡವಾಳ ಲಾಭದ ತೆರಿಗೆ ಹೆಚ್ಚುಕಮ್ಮಿ ಸೊನ್ನೆ. ಮಾರದೆ ಇಟ್ಟುಕೊಂಡರೆ, ತೆರಿಗೆ ಕಟ್ಟಿ ಉಳಿದ ದುಡ್ಡಿನಿಂದ ಅದೇ ಷೇರನ್ನು ಅಂದು ಕೊಂಡಂತೆಯೇ ಲೆಕ್ಕ. ಕಂಪನಿಗಳು ಸಾಮಾನ್ಯವಾಗಿ ಹಿಡಿಯುವುದು 22 ಶೇಕಡಾ, ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯ ತೆರಿಗೆ ದರ ಅದಕ್ಕಿಂತ ಹೆಚ್ಚಿರಬಹುದು. ಆ ವ್ಯತ್ಯಾಸವನ್ನು ಪಕ್ಕಕ್ಕಿಡಿ, ಏಪ್ರಿಲ್‌ನಲ್ಲಿ ಬೇಕಾಗುತ್ತದೆ.

ಕೋಡಿ ತಾನಾಗಿ ಹರಿಯಬೇಕು ಎಂದೆನಲ್ಲ, ಅದಕ್ಕೂ ದಾರಿಯಿದೆ. ಷೇರು ಮಾರಲು ಕಂಪನಿ ಬಿಡುವ ಕಿಟಕಿ ಮುಚ್ಚಿರುವಾಗಲೂ ಮೊದಲೇ ಬರೆದಿಟ್ಟ 10ಬಿ5-1 ಯೋಜನೆ ಇದ್ದರೆ ಮಾರಾಟ ನಡೆಯುತ್ತದೆ. ಅಧಿಕಾರಿ ಅಥವಾ ನಿರ್ದೇಶಕರಲ್ಲದ ಉದ್ಯೋಗಿಗಳಿಗೆ ಯೋಜನೆ ಮಾಡಿದ 30 ದಿನಗಳ ನಂತರ ಮೊದಲ ಮಾರಾಟ. ಪ್ರವಾಹ ವಿಮೆಯ ಹಾಗೆಯೇ, ಮೋಡ ಕವಿದ ಮೇಲೆ ಬರೆಯುವ ಕಾಗದವಲ್ಲ. ನಿಮ್ಮ ಕಂಪನಿ ಇದಕ್ಕೆ ಅವಕಾಶ ಕೊಡುತ್ತದೆಯೇ ಎಂದು ಷೇರು ವಿಭಾಗದವರನ್ನು ಕೇಳಿ.

ಮಾರಿದ ದುಡ್ಡು ಎಲ್ಲಿಗೆ? ಇಂಡೆಕ್ಸ್ ಫಂಡ್, ಮಕ್ಕಳ 529, ಕೆಲಸ ಹೋದರೆ ಆರೇಳು ತಿಂಗಳು ನಡೆಯುವಷ್ಟು ನಗದು. ಹೆಚ್ಚಿನವರ ಉತ್ತರ ಬೇರೆ: ಮೈಸೂರಲ್ಲೋ ಬೆಂಗಳೂರಲ್ಲೋ ಇನ್ನೊಂದು ಸೈಟು. ಒಂದು ಸೈಟು ಸರಿ, ಅಪ್ಪ ಅಮ್ಮನ ಆಸೆಯೂ ಇರುತ್ತದೆ. ಮೂರನೆಯದಕ್ಕೆ ಕೈ ಹಾಕುವ ಮುನ್ನ ಯೋಚಿಸಿ. 30-40 ಸೈಟಿನ ಕಾಲು ಭಾಗವನ್ನು ಮಾರಿ ಇಲ್ಲಿನ ಮೂರು ತಿಂಗಳ ಕಂತು ಕಟ್ಟಲಾಗದು. ಕೊಳ್ಳುವವನು ಸಿಗಬೇಕು, ಖಾತಾ ಸರಿಯಿರಬೇಕು, ಟಿಡಿಎಸ್ ಕಳೆದು ದುಡ್ಡು ಎನ್‌ಆರ್‌ಒ ಖಾತೆಗೆ ಬರಬೇಕು, ಅಲ್ಲಿಂದ ವರ್ಷಕ್ಕೆ ಹತ್ತು ಲಕ್ಷ ಡಾಲರ್ ಮಿತಿಯೊಳಗೆ, ಸಿಎ ಪ್ರಮಾಣಪತ್ರದೊಂದಿಗೆ ಇಲ್ಲಿಗೆ ಬರಬೇಕು. 60 ದಿನದ ಗಡುವಿನಲ್ಲಿ ಇದ್ಯಾವುದೂ ಮುಗಿಯುವ ಕೆಲಸವಲ್ಲ.