ಮೊಂಬಾಸಾದಿಂದ ಕಿಗಾಲಿಗೆ: ಭೂಮಧ್ಯರೇಖೆಯ ನಾಡಲ್ಲಿ ಬಸ್ ಯಾನ

ಆಫ್ರಿಕಾ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಸಿಂಹ ಮತ್ತು ಸುಡುಬಿಸಿಲು. ಅದರಲ್ಲೂ ಭೂಮಧ್ಯರೇಖೆ ಹಾದುಹೋಗುವ ನಾಡೆಂದರೆ ಕೇಳುವುದೇ ಬೇಡ. ಆದರೆ ಕೆನ್ಯಾದ ರಾಜಧಾನಿ ನೈರೋಬಿಯಲ್ಲಿ ಮುಂಜಾನೆ ಬಸ್ಸಿಳಿದ ನಾವು ದಂಪತಿ ಮೊದಲು ಚೀಲದಿಂದ ಹೊರತೆಗೆದದ್ದು ಸ್ವೆಟರುಗಳನ್ನು! ರೇಖೆಯಿಂದ ಒಂದೂಕಾಲು ಡಿಗ್ರಿಯಷ್ಟೇ ದಕ್ಷಿಣಕ್ಕಿರುವ ಈ ನಗರ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿದೆ. ಅಕ್ಷಾಂಶದಷ್ಟೇ ಎತ್ತರವೂ ಹವೆಯನ್ನು ನಿರ್ಧರಿಸುತ್ತದೆ ಎಂಬ ಭೂಗೋಳದ ಪಾಠಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಕೆನ್ಯಾದ ಬಂದರು ಮೊಂಬಾಸಾದಿಂದ ಉಗಾಂಡಾ ದಾಟಿ ರುವಾಂಡಾದ ಕಿಗಾಲಿಗೆ ಒಂದೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ತಲೆಗೊಂದು ಚೀಲ, ಸಾಮಾನ್ಯ ಬಸ್ಸು, ಸಾಧಾರಣ ವಸತಿಗೃಹ ಎಂಬುದು ನಮ್ಮ ಕರಾರು. ದುಬಾರಿ ಸಫಾರಿಗಳ ಆಸೆಯನ್ನು ಮನೆಯಲ್ಲೇ ಬಿಟ್ಟಿದ್ದೆವು. ರುವಾಂಡಾದಲ್ಲಿ ಗೊರಿಲ್ಲಾ ನೋಡುವ ಪರವಾನಗಿಗೆ ವಿದೇಶಿ ಪ್ರವಾಸಿಯೊಬ್ಬ ತೆರಬೇಕಾದದ್ದೇ 1,500 ಡಾಲರ್. ಇಬ್ಬರಿಗೆ ಎಷ್ಟಾಯಿತೆಂದು ನೀವೇ ಲೆಕ್ಕ ಹಾಕಿ.

ಊಟದ ಚಿಂತೆ ಅಷ್ಟಾಗಿ ಕಾಡಲಿಲ್ಲ. ಮೆಕ್ಕೆಜೋಳದ ಹಿಟ್ಟಿನ ‘ಉಗಾಲಿ’ ನಮ್ಮ ಮುದ್ದೆಯ ದಾಯಾದಿ. ಜೊತೆಗೆ ಬರುವ ಸೊಪ್ಪಿನ ಪಲ್ಯಕ್ಕೆ ‘ಸುಕುಮಾ ವಿಕಿ’ ಎಂದು ಹೆಸರು. ಸ್ವಾಹಿಲಿಯಲ್ಲಿ ‘ವಾರ ದೂಡು’ ಎಂದರ್ಥ. ಸಂಬಳ ಕರಗಿದ ಮೇಲೆ ವಾರ ಕಳೆಸುವ ಪಲ್ಯ! ಉಗಾಂಡಾದ ರಸ್ತೆಬದಿಯಲ್ಲಿ ಮೊಟ್ಟೆಯ ಆಮ್ಲೆಟ್ಟನ್ನು ಚಪಾತಿಯಲ್ಲಿ ಸುತ್ತಿ ‘ರೋಲೆಕ್ಸ್’ ಎಂದು ಮಾರುತ್ತಾರೆ. ಹೌದು, ಅಲ್ಲೂ ಅದು ಚಪಾತಿಯೇ. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ರೈಲು ಹಳಿ ಹಾಕಲು ಬ್ರಿಟಿಷರು ಭಾರತದಿಂದ ಮೂವತ್ತು ಸಾವಿರಕ್ಕೂ ಹೆಚ್ಚು ಕೂಲಿಗಳನ್ನು ಕರೆದೊಯ್ದಿದ್ದರು. ಸುಮಾರು ಎರಡೂವರೆ ಸಾವಿರ ಮಂದಿ ಅಲ್ಲೇ ಸತ್ತರು. ಕೂಲಿಗಳೂ ಅವರ ಬೆನ್ನಿಗೆ ಬಂದ ಭಾರತೀಯ ವ್ಯಾಪಾರಿಗಳೂ ಒಯ್ದ ಚಪಾತಿ ಇಂದು ಆ ನಾಡಿನದೇ ತಿನಿಸಾಗಿದೆ.

ಬಸ್ಸಿನ ವೇಳೆ ಕೇಳುವಾಗ ಮಾತ್ರ ಎಚ್ಚರ ಬೇಕು. ‘ಒಂದು ಗಂಟೆಗೆ’ ಎಂದರೆ ಅದು ಬೆಳಗಿನ ಏಳು ಗಂಟೆಯಾಗಿರಬಹುದು! ಸ್ವಾಹಿಲಿಯಲ್ಲಿ ಗಂಟೆಯ ಎಣಿಕೆ ಶುರುವಾಗುವುದು ಮುಂಜಾನೆಯಿಂದ. ರೇಖೆಯ ಬಳಿ ವರ್ಷವಿಡೀ ಹಗಲು ಹೆಚ್ಚುಕಡಿಮೆ ಹನ್ನೆರಡು ಗಂಟೆಯೇ ಇರುವುದರಿಂದ ಈ ಲೆಕ್ಕ ಎಂದೂ ತಪ್ಪುವುದಿಲ್ಲ. ಸೂರ್ಯೋದಯದಿಂದ ಘಳಿಗೆ ಎಣಿಸುತ್ತಿದ್ದ ನಮ್ಮ ಹಿರಿಯರಿಗೆ ಇದು ಸುಲಭವಾಗಿ ಅರ್ಥವಾಗುತ್ತಿತ್ತು.

ಉಗಾಂಡಾದ ಜಿಂಜಾ ಪಟ್ಟಣದಲ್ಲಿ ನೈಲ್ ನದಿ ವಿಕ್ಟೋರಿಯಾ ಸರೋವರದಿಂದ ಹೊರಡುತ್ತದೆ. ಗಾಂಧೀಜಿಯವರ ಚಿತಾಭಸ್ಮದ ಒಂದಂಶವನ್ನು 1948ರಲ್ಲಿ ಇಲ್ಲಿ ಬಿಡಲಾಯಿತು. ದಡದಲ್ಲಿ ಅವರ ಪ್ರತಿಮೆಯಿದೆ. ಇದೇ ಉಗಾಂಡಾದಿಂದ 1972ರಲ್ಲಿ ಇದಿ ಅಮೀನ್ ಏಷ್ಯಾ ಮೂಲದವರಿಗೆ ಹೊರಡಲು 90 ದಿನಗಳ ಗಡುವು ಕೊಟ್ಟಿದ್ದ.

ಕಂಪಾಲಾದಿಂದ ಮಸಾಕಾ ಕಡೆಗಿನ ರಸ್ತೆಯಲ್ಲಿ ಕಯಾಬ್ವೆ ಎಂಬಲ್ಲಿ ಭೂಮಧ್ಯರೇಖೆ ಸಿಗುತ್ತದೆ. ಗುರುತಿಗೊಂದು ಬಿಳಿ ಕಾಂಕ್ರೀಟ್ ಬಳೆ. ರೇಖೆಯ ಉತ್ತರಕ್ಕೆ ನೀರು ಒಂದು ದಿಕ್ಕಿಗೂ ದಕ್ಷಿಣಕ್ಕೆ ಇನ್ನೊಂದು ದಿಕ್ಕಿಗೂ ಸುಳಿಯುವುದನ್ನು ಬೋಗುಣಿಯಲ್ಲಿ ತೋರಿಸಿ ಕಾಸು ಕೇಳುತ್ತಾರೆ. ವಿದ್ಯಾರ್ಥಿಗಳೇ, ನಂಬಬೇಡಿ! ಭೂಮಿಯ ಭ್ರಮಣೆ ಚಂಡಮಾರುತವನ್ನು ತಿರುಗಿಸಬಲ್ಲದು. ಬೋಗುಣಿಯ ನೀರಿನ ಮೇಲೆ ಅದರ ಪ್ರಭಾವ ತೀರಾ ಅಲ್ಪ, ರೇಖೆಯ ಮೇಲಂತೂ ಸೊನ್ನೆ. ನೀರು ಸುಳಿಯುವುದು ಸುರಿಯುವವನ ಕೈಚಳಕದಿಂದ.

ಅಲ್ಲಿಂದ ಪಶ್ಚಿಮಕ್ಕೆ ಕಸೆಸೆ. ರೇಖೆಯ ಪಕ್ಕದಲ್ಲೇ ಇದ್ದರೂ ತುದಿಯಲ್ಲಿ ಹಿಮ ಹೊತ್ತ ರುವೆಂಜೋರಿ ಪರ್ವತದ ಬುಡದ ಊರು. ಗಡಿಯಾಚೆ ಕಾಂಗೋ. ಅಮೆಜಾನ್ ಬಿಟ್ಟರೆ ಜಗತ್ತಿನ ಅತಿ ದೊಡ್ಡ ಮಳೆಕಾಡಿರುವ ದೇಶ. ಅಷ್ಟು ಹತ್ತಿರ ಬಂದು ಹಿಂದಿರುಗುವುದೆ? ಒಂದಿಡೀ ಸಂಜೆ ನಮ್ಮಿಬ್ಬರಲ್ಲಿ ಇದೇ ಚರ್ಚೆ. ವಸತಿಗೃಹದ ಒಡತಿ ಮೆಲುದನಿಯಲ್ಲಿ 2023ರ ಜೂನ್ ತಿಂಗಳನ್ನು ನೆನಪಿಸಿದಳು. ಗಡಿಯ ಊರು ಎಂಪೊಂಡ್ವೆಯಲ್ಲಿ ಬಂಡುಕೋರರು ರಾತ್ರಿ ಶಾಲೆಯೊಂದಕ್ಕೆ ನುಗ್ಗಿ ನಲವತ್ತಕ್ಕೂ ಹೆಚ್ಚು ಜನರನ್ನು ಕೊಂದಿದ್ದರು. ಬಹುಪಾಲು ವಿದ್ಯಾರ್ಥಿಗಳು. ಆಕೆ ಎದ್ದುಹೋದ ಮೇಲೆ ನನ್ನ ಪತ್ನಿ, “ಕಾಡು ಎಲ್ಲಿಗೂ ಓಡಿಹೋಗೋಲ್ಲ ಕಣ್ರೀ, ಊರಲ್ಲಿ ಮಕ್ಕಳು ಫೋನಿಗೆ ಕಾಯ್ತಿರ್ತಾರೆ” ಎಂದಳು. ಮರುದಿನ ದಕ್ಷಿಣದ ಬಸ್ಸು ಹತ್ತಿದೆವು.

ಗಟುನಾ ಗಡಿ ದಾಟಿದೊಡನೆ ವಾಹನಗಳು ರಸ್ತೆಯ ಎಡದಿಂದ ಬಲಕ್ಕೆ ಬದಲಾಗುತ್ತವೆ. ರುವಾಂಡಾದಲ್ಲಿ 2008ರಿಂದ ಪ್ಲಾಸ್ಟಿಕ್ ಚೀಲ ನಿಷಿದ್ಧ. ಕಿಗಾಲಿಯ ರಸ್ತೆಗಳ ಚೊಕ್ಕಟ ಕಂಡು ಹೊಟ್ಟೆಕಿಚ್ಚಾಯಿತು. ಇದೇ ದೇಶದಲ್ಲಿ 1994ರಲ್ಲಿ ನೂರು ದಿನಗಳಲ್ಲಿ ನಡೆದ ನರಮೇಧದ ಸ್ಮಾರಕ ನಗರದ ಗುಡ್ಡವೊಂದರ ಮೇಲಿದೆ. ಎರಡೂವರೆ ಲಕ್ಷ ಜನರನ್ನು ಅಲ್ಲಿ ಮಣ್ಣು ಮಾಡಲಾಗಿದೆ. ಒಳಗೆ ಮಕ್ಕಳ ಭಾವಚಿತ್ರಗಳಿಗೇ ಒಂದು ಕೋಣೆ. ನಾವಿಬ್ಬರೂ ಅಲ್ಲಿ ಮಾತಾಡಲಿಲ್ಲ.

ಮಕ್ಕಳನ್ನು ಇಂಥ ಪ್ರವಾಸಕ್ಕೆ ಕಳಿಸಬಹುದೆ ಎಂದು ಕೇಳುವ ಪೋಷಕರಿಗೆ ಕೆಲವು ಮಾತು. ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮೊದಲೇ ಹಾಕಿಸಬೇಕು. ಪ್ರಮಾಣಪತ್ರ ಇಲ್ಲದಿದ್ದರೆ ಮರಳಿ ಬಂದಾಗ ನಮ್ಮ ವಿಮಾನ ನಿಲ್ದಾಣದಲ್ಲೇ ಆರು ದಿನಗಳವರೆಗೆ ಪ್ರತ್ಯೇಕವಾಸಕ್ಕೆ ಒಳಗಾಗಬೇಕಾದೀತು. ಮಲೇರಿಯಾ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ನುಂಗಬೇಕು, ಸೊಳ್ಳೆಪರದೆ ಮರೆಯಬಾರದು. 2014ರಲ್ಲಿ ಶುರುವಾದ ಪೂರ್ವ ಆಫ್ರಿಕಾ ಪ್ರವಾಸಿ ವೀಸಾ 100 ಡಾಲರಿಗೆ ಮೂರೂ ದೇಶಗಳನ್ನು 90 ದಿನ ಸುತ್ತಲು ಬಿಡುತ್ತದೆ. ರಾತ್ರಿ ಬಸ್ಸು ಬೇಡ. ಗಡಿಯ ಸುದ್ದಿಯನ್ನು ಸ್ಥಳೀಯರಲ್ಲಿ ವಿಚಾರಿಸಿಕೊಂಡೇ ಮುಂದಿನ ಟಿಕೆಟ್ ಕೊಳ್ಳಿ.