ಒಂದೇ ಒತ್ತು, ಒಂದೇ ಮತ

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಮತದಾರರೊಬ್ಬರು ಮತಯಂತ್ರದ ನೀಲಿ ಗುಂಡಿಯನ್ನು ಎರಡು ಸಲ ಒತ್ತಿದರೆ ಎರಡು ಮತ ಬೀಳುತ್ತವೆಯೇ? ಇಲ್ಲ. 1982ರಲ್ಲಿ ಕೇರಳದ ಪರವೂರಿನಲ್ಲಿ ಮೊದಲು ಬಳಕೆಗೆ ಬಂದ ಈ ಯಂತ್ರವನ್ನು ನಮ್ಮ ಬೆಂಗಳೂರಿನ ಬಿ.ಇ.ಎಲ್. ಕೂಡ ತಯಾರಿಸುತ್ತದೆ. ಮೊದಲ ಒತ್ತಿಗೇ ಅದು ಬೀಗ ಹಾಕಿಕೊಳ್ಳುತ್ತದೆ. ಮತಗಟ್ಟೆಯ ಅಧಿಕಾರಿ ‘ಬ್ಯಾಲೆಟ್’ ಗುಂಡಿ ಒತ್ತಿದ ಮೇಲೆಯೇ ಮುಂದಿನ ಮತ.

ನೀವು ಬರೆಯುವ ಕಂಪ್ಯೂಟರ್ ಪ್ರೋಗ್ರಾಮಿಗೂ ಈ ಶಿಸ್ತು ಬೇಕು. ಶುಲ್ಕ ಕಟ್ಟುವವರು ಅವಸರದಲ್ಲಿ ಎರಡು ಸಲ ಕ್ಲಿಕ್ ಮಾಡಿದರೆ ಹಣ ಎರಡು ಸಲ ಕಡಿತವಾದೀತು. ಕ್ಲಿಕ್ ಆದೊಡನೆ ಗುಂಡಿಯನ್ನು ನಿಷ್ಕ್ರಿಯಗೊಳಿಸಿ, ಕೆಲಸವನ್ನು ಹಿನ್ನೆಲೆಯಲ್ಲಿ ನಡೆಸಿ. ಪರದೆಯನ್ನು ನೋಡಿಕೊಳ್ಳುವ ಭಾಗಕ್ಕೇ ಆ ಹೊರೆಯನ್ನೂ ಹೊರಿಸಿದರೆ, ನಡುವೆ ಬಿದ್ದ ಕ್ಲಿಕ್‌ಗಳು ಸರದಿಯಲ್ಲಿ ಕಾದಿದ್ದು, ಗುಂಡಿ ತೆರೆದೊಡನೆ ಒಳನುಗ್ಗುತ್ತವೆ! ಕೆಲಸ ಅರ್ಧಕ್ಕೆ ಕೆಟ್ಟರೂ ಗುಂಡಿಯನ್ನು ಮರಳಿ ತೆರೆಯುವಂತೆ ಬರೆಯಿರಿ. ಇಲ್ಲವಾದರೆ ಬಳಸುವವರು ಬೂದುಬಣ್ಣದ ಗುಂಡಿಯ ಮುಂದೆ ಕುಳಿತೇ ಇರುತ್ತಾರೆ.