ಗಿಟಾರಿನ ಹಲ್ಲು ಎಣಿಸುವುದು ಹೇಗೆ

ದಾವಣಗೆರೆಯ ವಾದ್ಯದಂಗಡಿಗೆ ಕಾಲಿಟ್ಟ ಅಳಿಯ ಸೀದಾ ಹೋಗಿ ನಿಂತದ್ದು ಕೆಂಪು ಗಿಟಾರಿನ ಮುಂದೆ. "ಮಾಮಾ, ಇದನ್ನ ನೋಡ್ರಿ, ಹೆಂಗೈತಿ!" ಅಂದ. ನನಗೆ ನಗು ಬಂತು. ಇಪ್ಪತ್ತು ವರ್ಷದ ಹಿಂದೆ ನಾನೂ ಕೆಂಪಗಿದೆ ಅನ್ನುವ ಒಂದೇ ಕಾರಣಕ್ಕೆ ಒಂದನ್ನು ಕೊಂಡು ಅರಸೀಕೆರೆಗೆ ತಂದಿದ್ದೆ. (ರೈಲು ಜಂಕ್ಷನ್ನಿನ ಹಾಸನದ ಅರಸೀಕೆರೆಯಲ್ಲ, ಹರಪನಹಳ್ಳಿ ತಾಲ್ಲೂಕಿನದು, ಉಚ್ಚಂಗಿದುರ್ಗದ ಕಡೆಯದು.) ಜಾತ್ರೆಯ ರಸಮಂಜರಿಯಲ್ಲಿ ಅದರ ವೈರನ್ನು ಆಂಪ್ಲಿಫಯರಿಗೆ ಸಿಕ್ಕಿಸಿದ್ದೇ ತಡ, ಹಾಡಿಗೆ ಮೊದಲೇ 'ಗುಂಯ್' ಅಂತ ಸದ್ದು ಶುರುವಾಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಯಾರೋ ಒಬ್ಬರು "ಟಿ.ಸಿ. ಹಾಡಾಕ ಹತ್ತೈತಿ" ಅಂದರು. ಹೊಲದ ಟ್ರಾನ್ಸ್‌ಫಾರ್ಮರಿಗೆ ನಮ್ಮ ಕಡೆ ಹೇಳುವುದು ಹಾಗೆಯೇ. ಆ ಹೆಸರು ಎರಡು ವರ್ಷ ನನ್ನ ಬೆನ್ನು ಬಿಡಲಿಲ್ಲ.

ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಕೊಂಬಿನ ಬಣ್ಣಕ್ಕೆ ಮರುಳಾಗುವುದಿಲ್ಲ. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ಗೊರಸು ಎತ್ತಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಮೈ ಸೊರಗಿದ್ದರೆ ಮೇವು ಹಾಕಿ ತುಂಬಿಸಬಹುದು. ಕಾಲು ಸೊಟ್ಟಗಿದ್ದರೆ ಏನೂ ಮಾಡಲಾಗದು. ಅಂಗಡಿಯಲ್ಲಿ ಎರಡು ಗಿಟಾರು ಪಕ್ಕಪಕ್ಕ ಇಟ್ಟು ತೂಗಿ ನೋಡುವಾಗಲೂ ಕೇಳಬೇಕಾದ ಪ್ರಶ್ನೆ ಅದೇ: ಈ ಐಬು ಆಮೇಲೆ ಸರಿಹೋಗುವಂಥದೋ, ಸಾಯುವ ತನಕ ಇರುವಂಥದೋ?

ಅದಕ್ಕೆ ಮೊದಲು ಈ ವಾದ್ಯ ಸದ್ದು ಮಾಡುವ ಬಗೆ ಗೊತ್ತಿರಬೇಕು. ಉಚ್ಚಂಗೆಮ್ಮನ ಗುಡ್ಡಕ್ಕೆ ಹುಣ್ಣಿಮೆಗೆ ಬರುವ ಜೋಗತಿಯರ ಕೈಯಲ್ಲಿ ಚೌಡಿಕೆ ನೋಡಿರುತ್ತೀರಿ. ಒಂದೇ ತಂತಿ; ಅದು ಬುಡದಲ್ಲಿ ತೊಗಲನ್ನು ಎಳೆಯುತ್ತದೆ, ತೊಗಲು ಗಾಳಿಯನ್ನು ತಳ್ಳುತ್ತದೆ, ಸದ್ದು ಬರುತ್ತದೆ. ವೀಣೆಯಲ್ಲಿ ತೊಗಲಿನ ಕೆಲಸವನ್ನು ಹಲಸಿನ ಕೊಡ ಮಾಡುತ್ತದೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ ತೊಗಲೂ ಇಲ್ಲ, ಕೊಡವೂ ಇಲ್ಲ, ಇರುವುದು ಬರೀ ಗಟ್ಟಿ ಹಲಗೆ. ತಂತಿಗಳ ಕೆಳಗೆ ಸಾಬೂನಿನ ಬಿಲ್ಲೆಯಷ್ಟು ಉದ್ದದ ಪಟ್ಟಿಗಳಿವೆಯಲ್ಲ, ಅವೇ ಪಿಕಪ್‌ಗಳು. ಒಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯ ಏಳೆಂಟು ಸಾವಿರ ಸುತ್ತು. ಅಯಸ್ಕಾಂತದ ಎದುರು ಉಕ್ಕಿನ ತಂತಿ ಅದುರಿದರೆ ಸುರುಳಿಯಲ್ಲಿ ಕರೆಂಟು ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ಸಂಗತಿ ಇದು. ಹಳೆಯ ಸೈಕಲ್ಲಿನ ಡೈನಮೊ ಕೂಡ ಇದರ ಮೇಲೇ ಓಡುತ್ತಿತ್ತು. ಈ ಕರೆಂಟು ಬಹಳ ಸಣ್ಣದು, ಒಂದು ವೋಲ್ಟಿನ ಚೂರುಪಾರು. ಅದನ್ನು ಹಿಗ್ಗಿಸುವುದೇ ಆಂಪ್ಲಿಫಯರಿನ ಕೆಲಸ. ನೈಲಾನ್ ತಂತಿ ಕಟ್ಟಿದರೆ ಈ ಗಿಟಾರು ಮೂಗ. ನೈಲಾನು ಅಯಸ್ಕಾಂತಕ್ಕೆ ಜಗ್ಗುವುದಿಲ್ಲ.

ನನ್ನ ಕೆಂಪು ಗಿಟಾರು ಟಿ.ಸಿ. ಆದ ಗುಟ್ಟೂ ಇಲ್ಲೇ ಇದೆ. ಅಷ್ಟು ಸುತ್ತಿದ ತಾಮ್ರದ ಸುರುಳಿ ತಂತಿಯ ಅದುರನ್ನಷ್ಟೇ ಹಿಡಿಯುವುದಿಲ್ಲ. ಟ್ಯೂಬ್‌ಲೈಟಿನ ಚೋಕು, ಸ್ಟೇಜಿನ ಕೆಳಗೆ ಎಳೆದ ಲೈನು, ಸೀರಿಯಲ್ ಸೆಟ್ಟು, ಎಲ್ಲದರ ಸುತ್ತ ಅಲೆಯುವ ಕರೆಂಟಿನ ಸೆಳೆತವನ್ನೂ ಹಿಡಿಯುತ್ತದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹಿಂದಕ್ಕೂ ಮುಂದಕ್ಕೂ ಓಡಾಡುತ್ತದೆ. ಅದು ಶ್ರುತಿಗಾದರೂ ಸೇರುತ್ತದೆಯೇ ಅಂದರೆ, ಅದೂ ಇಲ್ಲ. ಗಿಟಾರಿನವರು ಜಿ ಅನ್ನುವ ಸ್ವರ ಆ ಮಂದ್ರದಲ್ಲಿ 49, ಅದರ ಮೇಲಿನದು 52ರ ಹತ್ತಿರ. ನಡುವೆ ಸಿಕ್ಕಿಕೊಂಡು ಗೊಣಗುತ್ತದೆ.

ಈ ಗೊಣಗಾಟಕ್ಕೆ ಮದ್ದು ಹುಡುಕಿದವರಲ್ಲಿ ಹೆಸರಾದವನು ಗಿಬ್ಸನ್ ಕಂಪನಿಯ ಸೆತ್ ಲವರ್, 1955ರಲ್ಲಿ. ಒಂದರ ಬದಲು ಎರಡು ಸುರುಳಿ ಪಕ್ಕಪಕ್ಕ ಇಟ್ಟ. ಎರಡನೆಯದರ ಅಯಸ್ಕಾಂತವನ್ನು ಬುಡಮೇಲು ಮಾಡಿದ, ಸುರುಳಿಯ ಜೋಡಣೆಯನ್ನೂ ಉಲ್ಟಾ ಮಾಡಿದ. ಹೊರಗಿನಿಂದ ಬರುವ ಗುಂಯ್‌ಗುಟ್ಟುವಿಕೆಗೆ ಅಯಸ್ಕಾಂತದ ಹಂಗಿಲ್ಲ, ಹಾಗಾಗಿ ಅದು ಎರಡು ಸುರುಳಿಯಲ್ಲಿ ಎದುರುಬದುರಾಗಿ ಹುಟ್ಟಿ ಒಂದನ್ನೊಂದು ಹೊಡೆದುಹಾಕುತ್ತದೆ. ತಂತಿಯ ಸದ್ದು ಮಾತ್ರ ಎರಡು ಸಲ ಉಲ್ಟಾ ಆಗಿ ಸುಲ್ಟಾಕ್ಕೇ ಬರುತ್ತದೆ, ಕೂಡಿಕೊಂಡು ಜೋರಾಗುತ್ತದೆ. ಹಂಬಕರ್ ಅನ್ನುವುದು ಇದಕ್ಕೇ. ನೋಡಲು ಅಗಲ, ಎರಡು ಸಾಲು. ಕಿರಿದಾದ ಒಂಟಿ ಸಾಲಿನದು ಸಿಂಗಲ್ ಕಾಯಿಲ್. ಸಿಂಗಲ್ ಕಾಯಿಲಿನ ದನಿ ಗಾಜಿನ ಬಳೆಯಂತೆ ಕಿಣಿಕಿಣಿ, ತಿಳಿ. ಹಂಬಕರಿನದು ತುಂಬಿದ ಗಂಟಲು. ಇದರಲ್ಲಿ ಮೇಲುಕೀಳಿಲ್ಲ. ಆದರೆ ಜನರೇಟರಿನ ಲೈನಿನಲ್ಲಿ, ಪೆಂಡಾಲಿನ ಕೆಳಗೆ ಬಾರಿಸುವವರಿಗೆ ಕುದುರೆಯ ಪಕ್ಕದಲ್ಲಿ ಒಂದಾದರೂ ಹಂಬಕರ್ ಇರಲಿ ಅನ್ನುವುದು ಸುಟ್ಟುಕೊಂಡವನ ಮಾತು. (ವೀಣೆಯವರ ಕುದುರೆ, ಗಿಟಾರಿನವರ ಬ್ರಿಜ್.) ಒಂದು ಹಂಬಕರ್, ಎರಡು ಸಿಂಗಲ್ ಇರುವ ಗಿಟಾರುಗಳೇ ಇವೆ; ಯಮಾಹಾದ ಪೆಸಿಫಿಕಾ 112ವಿ ಅಂಥದು. ಅದರ ಟೋನ್ ಗುಂಡಿಯನ್ನು ಮೇಲಕ್ಕೆಳೆದರೆ ಹಂಬಕರ್ ಕೂಡ ಸಿಂಗಲ್ ಆಗಿಬಿಡುತ್ತದೆ.

ಗೋಡೆಯ ಮೇಲೆ ಮೂವತ್ತು ಗಿಟಾರು ತೂಗುತ್ತಿದ್ದರೂ ಮನೆತನ ಮುಖ್ಯವಾಗಿ ಎರಡೇ. ಒಂದು ಲಿಯೊ ಫೆಂಡರನದು. ಅವನು ಕ್ಯಾಲಿಫೋರ್ನಿಯಾದಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದವನು, ಗಿಟಾರು ಬಾರಿಸಲು ಬರುತ್ತಿರಲಿಲ್ಲ. ರಿಪೇರಿಯವನ ಬುದ್ಧಿ ಅವನ ಗಿಟಾರಿನಲ್ಲಿ ಎದ್ದು ಕಾಣುತ್ತದೆ: ಕುತ್ತಿಗೆಯನ್ನು ಹಲಗೆಗೆ ನಾಲ್ಕು ಸ್ಕ್ರೂನಿಂದ ಕೂರಿಸಿದ. ಕೆಟ್ಟರೆ ಕುಂಟೆಯ ಕುಡ ಬದಲಿಸಿದಂತೆ ಕುತ್ತಿಗೆಯನ್ನೇ ಬದಲಿಸಬಹುದು. 1951ರಿಂದ ಟೆಲಿಕಾಸ್ಟರ್ ಅನ್ನಿಸಿಕೊಂಡದ್ದು, 1954ರ ಸ್ಟ್ರಾಟೊಕಾಸ್ಟರ್ ಈ ಮನೆಯವು. ಇನ್ನೊಂದು ಗಿಬ್ಸನ್ನಿನ 1952ರ ಲೆಸ್ ಪಾಲ್. ಅದರ ಕುತ್ತಿಗೆ ಅಂಟು ಹಾಕಿ ಕೂರಿಸಿದ್ದು, ತಲೆ ಹಿಂದಕ್ಕೆ ಬಾಗಿದ್ದು. ಬಿದ್ದರೆ ಸಾಮಾನ್ಯವಾಗಿ ಮುರಿಯುವುದು ಆ ಬಾಗಿದ ಜಾಗದಲ್ಲೇ. ತೂಕ ನಾಲ್ಕು ಕೆ.ಜಿ. ದಾಟುವುದೂ ಉಂಟು. ಹರಪನಹಳ್ಳಿ ಬಸ್ಸಿನ ಮೇಲುಹಲಗೆಯಲ್ಲಿ, ಸಂತೆಯ ಚೀಲಗಳ ನಡುವೆ ಪ್ರಯಾಣ ಮಾಡಬೇಕಾದ ವಾದ್ಯ ಅನ್ನುವುದನ್ನು ಮರೆಯದೆ ಆರಿಸಿ.

ಎರಡು ಮನೆತನಕ್ಕೆ ಬೆರಳಿಗೆ ತಾಗುವ ಇನ್ನೊಂದು ವ್ಯತ್ಯಾಸ ಉಂಟು. ತಂತಿ ಅದುರುವ ಉದ್ದ ಫೆಂಡರ್ ಬಗೆಯಲ್ಲಿ 648 ಮಿ.ಮೀ., ಗಿಬ್ಸನ್ ಬಗೆಯಲ್ಲಿ 628ರ ಸುಮಾರು. ಎರಡು ಸೆಂಟಿಮೀಟರಿನ ಮಾತು ಏನು ಮಹಾ ಅನ್ನಿಸೀತು. ಆದರೆ ಅದೇ ದಪ್ಪದ ತಂತಿಯನ್ನು ಅದೇ ಶ್ರುತಿಗೆ ಕೂರಿಸಲು ಉದ್ದದ್ದರಲ್ಲಿ ಶೇ. 6ರಷ್ಟು ಹೆಚ್ಚು ಬಿಗಿ ಬೇಕಾಗುತ್ತದೆ. ನಮ್ಮ ಹಾಡುಗಳಿಗೆ ತಂತಿಯನ್ನು ಅಡ್ಡಕ್ಕೆ ಜಗ್ಗಿ ಸ್ವರ ಏರಿಸುವ ಕೆಲಸ ಮತ್ತೆ ಮತ್ತೆ ಬರುತ್ತದೆ; ಆಗ ಆ ಬಿಗಿ ಬೆರಳ ತುದಿಗೆ ಗೊತ್ತಾಗುತ್ತದೆ. ಮ್ಯಾಂಡೊಲಿನ್ ಯು. ಶ್ರೀನಿವಾಸ್ ಜೋಡಿ ತಂತಿಗಳ ಮ್ಯಾಂಡೊಲಿನ್ ಬಿಟ್ಟು ಒಂಟಿ ತಂತಿಗಳ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದದ್ದನ್ನು ನೆನೆಸಿಕೊಳ್ಳಿ. ಒಂಟಿ ತಂತಿ ಜಗ್ಗಲು ಸಲೀಸು, ಪಿಕಪ್ ಇದ್ದರೆ ದನಿ ಬೇಗ ಸಾಯುವುದಿಲ್ಲ. ಗಮಕಕ್ಕೆ ಬೇಕಾದದ್ದು ಇವೆರಡೇ. ಹೊಸಬರು ತೆಳು ತಂತಿಯಿಂದ, ಅಂದರೆ ಅಂಗಡಿಯವರು 'ನೈನ್' ಅನ್ನುವ ಸೆಟ್ಟಿನಿಂದ ಶುರುಮಾಡಿದರೆ ಯಾರೂ ನಗುವುದಿಲ್ಲ.

ಇನ್ನು ಹಲ್ಲು ಎಣಿಸೋಣ. ವೈರು ಸಿಕ್ಕಿಸುವ ಮುಂಚೆಯೇ ಮಾಡುವ ಕೆಲಸ ಇದು. ಅಂಗಡಿಯವರು ಅವಸರ ಮಾಡಿದರೆ ಮಾಡಲಿ.

ಗಿಟಾರಿನ ಬುಡವನ್ನು ಎದೆಗಾನಿಸಿ, ಬಂದೂಕಿನ ಗುರಿ ನೋಡುವಂತೆ ಒಂದು ಕಣ್ಣು ಮುಚ್ಚಿ, ಕುದುರೆಯ ಕಡೆಯಿಂದ ತಲೆಯ ಕಡೆಗೆ ಕುತ್ತಿಗೆಯುದ್ದಕ್ಕೂ ನೋಡಿ. ಕುತ್ತಿಗೆ ಮುಂದಕ್ಕೋ ಹಿಂದಕ್ಕೋ ಬಾಗಿದ್ದರೆ ಹೆದರಬೇಡಿ, ಒಳಗೆ ಟ್ರಸ್ ರಾಡ್ ಅನ್ನುವ ಕಬ್ಬಿಣದ ಸರಳಿದೆ, ಅಲೆನ್ ಕೀಯಿಂದ ಕಾಲು ಸುತ್ತು ತಿರುಗಿಸಿದರೆ ನೆಟ್ಟಗಾಗುತ್ತದೆ. ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿದ್ದರೆ ಮಾತ್ರ ವಾಪಸ್ಸು ತೂಗುಹಾಕಿ ಬನ್ನಿ. ಅದು ಸೊಟ್ಟ ಕಾಲಿನ ಎತ್ತು. ಬಾಗು ಎಷ್ಟಿದೆ ತಿಳಿಯಬೇಕೆಂದರೆ ದಪ್ಪ ತಂತಿಯನ್ನು ಮೊದಲ ಮೆಟ್ಟಿಲಲ್ಲೂ (ಗಿಟಾರಿನವರು ಫ್ರೆಟ್ ಅನ್ನುವುದು) ಕೊನೆಯ ಮೆಟ್ಟಿಲಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಎಂಟನೇ ಮೆಟ್ಟಿಲ ಮೇಲೆ ವಿಸಿಟಿಂಗ್ ಕಾರ್ಡು ತೂರುವಷ್ಟು ಸಂದು ಇದ್ದರೆ ಸರಿ.

ಆಮೇಲೆ ಅಂಗೈಯನ್ನು ಕುತ್ತಿಗೆಯ ಅಂಚಿನ ಮೇಲೆ ಸವರಿಕೊಂಡು ಹೋಗಿ. ಮೆಟ್ಟಿಲುಗಳ ತುದಿ ಗರಗಸದಂತೆ ಚುಚ್ಚಿದರೆ, ಮರ ಒಣಗಿ ಕುಗ್ಗಿದೆ, ಲೋಹ ಕುಗ್ಗದೆ ಆಚೆ ಬಂದಿದೆ ಅಂತ ಅರ್ಥ. ತೇವದ ಊರಿನಲ್ಲಿ ತಯಾರಾದದ್ದು ನಮ್ಮ ಬಯಲುಸೀಮೆಯ ಬೇಸಿಗೆಗೆ ಬಂದರೆ ಹೀಗಾಗುತ್ತದೆ. ಅಂಗಡಿಯಲ್ಲೇ ಸ್ವಲ್ಪ ತಾಗಿದರೆ ಊರಿಗೆ ಬಂದಮೇಲೆ ಜಾಸ್ತಿಯಾಗುತ್ತದೆ. ಸಣ್ಣ ಅರದಿಂದ ಉಜ್ಜಿ ಸರಿಮಾಡಬಹುದು, ಆದರೆ ಆ ಕೂಲಿಯನ್ನು ಬೆಲೆಯಲ್ಲಿ ಕಡಿಸಿ. ಬೆರಳು ಓಡುವ ಆ ಪಟ್ಟಿಯ ಮರವನ್ನೂ ಒಮ್ಮೆ ನೋಡಿ. ಇಂಡಿಯನ್ ರೋಸ್‌ವುಡ್ ಅಂತ ಬರೆದಿದ್ದರೆ ಅದು ನಮ್ಮ ಬೀಟೆ. 2017ರಲ್ಲಿ ಬೀಟೆಯ ಜಾತಿಯ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರದ ಕಟ್ಟುಪಾಡಿಗೆ ಸಿಕ್ಕಾಗ ಹಲವು ಕಂಪನಿಗಳು ಬೇರೆ ಮರ ಹುಡುಕಿದವು. ಎಷ್ಟೋ ಗಿಟಾರುಗಳ ಮೇಲೆ ಈಗ ಕಾಣುವ 'ಇಂಡಿಯನ್ ಲಾರೆಲ್' ಅನ್ನುವ ದೊಡ್ಡ ಹೆಸರು ನಮ್ಮ ಮತ್ತಿ ಮರದ್ದು. ಅಳಿಯನಿಗೆ ಹೇಳಿದರೆ ನಂಬಲಿಲ್ಲ.

ಈಗ ಆರು ತಂತಿ, 22 ಮೆಟ್ಟಿಲು, ಒಟ್ಟು 132 ಜಾಗ. ಒಂದೊಂದನ್ನೂ ಒತ್ತಿ ಮೀಟಿ. ಐದು ನಿಮಿಷದ ಕೆಲಸ. ಎಲ್ಲ ಕಡೆ ಸ್ವಲ್ಪ ಸ್ವಲ್ಪ ಜರಜರ ಅಂದರೆ ತಂತಿ ತೀರ ಕೆಳಗಿದೆ, ಎತ್ತರಿಸಿದರೆ ಮುಗಿಯಿತು. ಒಂದೇ ಜಾಗದಲ್ಲಿ ಮಾತ್ರ ಅಂದರೆ ಮುಂದಿನ ಮೆಟ್ಟಿಲು ಎದ್ದಿದೆ. ಅದು ಕೈಬಲ್ಲವರ ರಿಪೇರಿ. ಹನ್ನೆರಡನೇ ಮೆಟ್ಟಿಲು ತಂತಿಯ ನಟ್ಟನಡುವೆ, ಹಾಗಾಗಿ ಅಲ್ಲಿ ಒತ್ತಿದರೆ ಬಿಟ್ಟ ತಂತಿಯ ತಾರಸ್ಥಾಯಿ ಬರಬೇಕು. ಫೋನಿನ ಟ್ಯೂನರಿನಲ್ಲಿ ಮುಳ್ಳು ಅತ್ತಿತ್ತ ಹೋದರೆ ಕುದುರೆಯ ಸ್ಕ್ರೂ ತಿರುಗಿಸಿ ಸರಿಮಾಡಬಹುದು. ಬಿರಡೆ ತಿರುಗಿಸುವಾಗ ತಲೆಯ ಬಳಿ 'ಟಿಂಗ್' ಅಂದರೆ ತಂತಿ ಅಲ್ಲಿನ ಕಚ್ಚಿನಲ್ಲಿ ಸಿಕ್ಕಿಕೊಳ್ಳುತ್ತಿದೆ. ಪೆನ್ಸಿಲಿನ ಸೀಸ ಉಜ್ಜಿದರೆ ಸಾಕು. ವಾಲ್ಯೂಮ್ ಗುಂಡಿ ಕರಕರ ಅಂದರೆ ಧೂಳು. ಇಂಥವಕ್ಕೆ ಗಿಟಾರನ್ನು ಬಿಡಬೇಡಿ, ಚೌಕಾಸಿಗೆ ಬಳಸಿಕೊಳ್ಳಿ.

ಕೊನೆಗೆ ವೈರು. ಅಂಗಡಿಯವರು ತಮ್ಮ ದೊಡ್ಡ ಆಂಪಿಗೆ ಸಿಕ್ಕಿಸಿ, ಗುಂಯ್‌ಗುಡಿಸಿ, ಗುಹೆಯ ಪ್ರತಿಧ್ವನಿ ಹಾಕಿ ಕೈಗೆ ಕೊಡುತ್ತಾರೆ. ಅಷ್ಟೆಲ್ಲ ಮಸಾಲೆ ಹಾಕಿದರೆ ಬದನೆಕಾಯಿಯೂ ಒಂದೇ, ಹೀರೆಕಾಯಿಯೂ ಒಂದೇ. ಎಲ್ಲ ಆರಿಸಲು ಹೇಳಿ. ಒಂದೇ ಆಂಪು, ಅದರ ಗುಂಡಿಗಳೆಲ್ಲ ನಡುವಿನಲ್ಲಿ, ಎರಡೂ ಗಿಟಾರು ಶ್ರುತಿಯಲ್ಲಿ, ಎರಡರ ಸದ್ದೂ ಒಂದೇ ಮಟ್ಟದಲ್ಲಿ. ಈ ಕೊನೆಯದೇ ಮುಖ್ಯ: ಸ್ವಲ್ಪ ಜೋರಾಗಿರುವುದನ್ನೇ ಕಿವಿ ಒಳ್ಳೆಯದು ಅಂದುಕೊಂಡುಬಿಡುತ್ತದೆ. ಒಂದರ ತಂತಿ ಹೊಸದಾಗಿದ್ದು ಇನ್ನೊಂದರದು ತುಕ್ಕು ಹಿಡಿದಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ನಾನು ಅಳಿಯನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಕೆಂಪನ್ನೂ ಪಕ್ಕದ ಮಾಸಲು ಕಂದು ಬಣ್ಣದ್ದನ್ನೂ ಅಂಗಡಿಯ ಹುಡುಗನಿಂದ ಒಂದೇ ಧಾಟಿಯಲ್ಲಿ ಬಾರಿಸಿಸಿದೆ. ಮೂರು ಸಲ ಕೇಳಿದರೆ ಮೂರು ಸಲವೂ ಕಂದನ್ನೇ ಆರಿಸಿ, ತಿರುಗಿ ನೋಡಿ ಮುಖ ಸಪ್ಪಗೆ ಮಾಡಿದ.

ಹಲಗೆ ಯಾವ ಮರದ್ದು ಅಂತ ಬಹಳ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಹದಿನೈದು ಇಪ್ಪತ್ತು ಸಾವಿರದೊಳಗಿನ ಗಿಟಾರಿಗೆ ಆ ಚಿಂತೆ ಬೇಡ. ಪಿಕಪ್ಪು, ತಂತಿ, ಆಂಪು ಇವುಗಳ ಮುಂದೆ ಅದರ ಪಾಲು ಸಣ್ಣದು ಅನ್ನುವುದು ನನ್ನ ಕಿವಿಯ ತೀರ್ಮಾನ. ಸ್ಪ್ರಿಂಗಿನ ಮೇಲೆ ತೇಲುವ ಕುದುರೆಯ ಗಿಟಾರನ್ನೂ ಹೊಸಬರು ಮುಟ್ಟದಿರುವುದು ಲೇಸು. ಒಂದು ತಂತಿ ಹರಿದರೆ ಉಳಿದ ಐದೂ ಅಪಶ್ರುತಿ. ಜಾತ್ರೆಯ ಸ್ಟೇಜಿನ ಮೇಲೆ ಅದನ್ನು ಸರಿಮಾಡುತ್ತ ಕೂರಲು ಆಗುವುದಿಲ್ಲ.

ಇಷ್ಟಾದ ಮೇಲೆ ವಾಲ್ಯೂಮ್ ಪೂರ್ತಿ ಇಟ್ಟು, ತಂತಿ ಮುಟ್ಟದೆ ಸುಮ್ಮನೆ ಕೇಳಿ. ಸಣ್ಣ ಗುಂಯ್ ಇದ್ದೇ ಇರುತ್ತದೆ. ತಂತಿ ಮುಟ್ಟಿದಾಗ ಅದು ಕಡಿಮೆಯಾದರೆ ಒಳಗಿನ ವೈರಿಂಗ್ ಸರಿಯಿದೆ, ಜಾಸ್ತಿಯಾದರೆ ಎಲ್ಲೋ ಅರ್ತಿಂಗ್ ತಪ್ಪಿದೆ. ನಮ್ಮ ಕಡೆ ಇದು ಕಿವಿಯ ಪ್ರಶ್ನೆಯಷ್ಟೇ ಅಲ್ಲ, ಜೀವದ್ದು ಕೂಡ. ತಂತಿ ಆಂಪಿನ ಲೋಹಕ್ಕೆ ಜೋಡಿಯಾಗಿರುತ್ತದೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ಪಿನ್ನು ಮುರಿದು ಎರಡರಲ್ಲೇ ಸಿಕ್ಕಿಸುವ ಚಾಳಿ ಪೆಂಡಾಲಿನವರಿಗಿದೆ. ಆಗ ಕೈ ತಂತಿಯ ಮೇಲಿದ್ದು ತುಟಿ ಮೈಕಿಗೆ ತಾಗಿದರೆ ಶಾಕ್ ಹೊಡೆಯುತ್ತದೆ. ಹಾಡುವ ಮುನ್ನ ಟೆಸ್ಟರನ್ನು ಮೈಕಿನ ಜಾಲರಿಗೂ ಗಿಟಾರಿನ ಕುದುರೆಗೂ ಮುಟ್ಟಿಸಿ ನೋಡುವುದು ಆರ್ಕೆಸ್ಟ್ರಾದವರ ಅಭ್ಯಾಸವಾಗಬೇಕು.

ಕಂದು ಗಿಟಾರಿನ ಎರಡನೇ ಮೆಟ್ಟಿಲು ಸ್ವಲ್ಪ ಚುಚ್ಚುತ್ತಿತ್ತು. ತೋರಿಸಿದೆವು, ವೈರು ಮತ್ತು ಎರಡು ಸೆಟ್ ತಂತಿ ಪುಕ್ಕಟೆ ಬಂದವು. ಬಸ್ಸಿನಲ್ಲಿ ಅಳಿಯ ಅದನ್ನು ಮೇಲುಹಲಗೆಗೆ ಹಾಕಲು ಒಪ್ಪಲಿಲ್ಲ, ತಲೆ ಮೇಲಾಗಿ ಮೊಣಕಾಲ ನಡುವೆ ನಿಲ್ಲಿಸಿಕೊಂಡು ಕೂತ. ಕಂಡಕ್ಟರ್ ಚೀಲದ ಜಿಪ್ಪು ಒಂದಿಷ್ಟು ಸರಿಸಿ ಇಣುಕಿ, "ಕೆಂಪಂದು ಸಿಗಲಿಲ್ಲೇನಪಾ?" ಅಂದರು.